ಬ್ಯಾಡಗಿ ಮೆಣಸಿನಕಾಯಿಯ ನಡುವೆ ಮಧುಮತಿಯ ಗಾನಸಮರ

ಹೆಬ್ಬೆರಳಿನ ಒಂದೇ ನೂಕಿಗೆ ಮೂರು ಲೋಕಗಳೂ ಸರ್ರನೆ ಮೇಲೆ ಸರಿದುಹೋಗುವ, ಗುರುತಿಲ್ಲದವರ ಮೆಚ್ಚುಗೆಗಾಗಿ ನರರು ಅನ್ನನೀರು ಮರೆತು ಕಾದು ಕೂರುವ ಎಲೈ ಮಹಾ ಮೊಬೈಲುಯುಗವೇ, ನಿನಗೆ ಮೊದಲ ವಂದನೆ. ಸಪ್ತಸ್ವರಗಳ ಅಧಿದೇವತೆಯೇ, ಕೊಂಚ ಹೊತ್ತು ನನ್ನ ನಾಲಗೆಯ ಮೇಲೆ ಕುಳಿತಿರು. ಏಕೆಂದರೆ ನಾನೀಗ ಹಾಡಹೊರಟಿರುವುದು ಹಾವೇರಿ ಪಟ್ಟಣದ ಹುರಕಡ್ಲಿ ವಂಶದಲ್ಲಿ ಜನಿಸಿದವಳೂ, ಸ್ನಾನಗೃಹಗಾನವಿಶಾರದೆಯೂ, ದರ್ಪಣಸಮ್ಮುಖನರ್ತನಪ್ರವೀಣೆಯೂ, ಪಿಯುಸಿ ಎಂಬ ಸಾಗರವನ್ನು ದಡ ಹಿಡಿದೇ ಈಜಿ ದಾಟಿದವಳೂ ಆದ ಮಧುಮತಿಯು ಒಂದು ಅರ್ಜಿ ಹಾಕಿದ ಕಥೆಯನ್ನು.

ಮುಂಬೈ ಮಹಾನಗರದ ಸಂಗೀತ ಕಂಪನಿಯೊಂದು ದೇಶದ ತರುಣಿಯರಲ್ಲಿ ಐವರನ್ನು ಆರಿಸಿ, ಎರಡು ವರ್ಷ ಅನ್ನವಸತಿಗಳನ್ನಿತ್ತು, ಹಾಡು ಕುಣಿತಗಳಲ್ಲಿ ಪಳಗಿಸಿ, ಪಾಪ್ ತಂಡವೊಂದನ್ನು ಕಟ್ಟುವುದಾಗಿ ಸಾರಿತ್ತು. ಅರ್ಜಿಯ ನಿಯಮಗಳು ಘೋರವಾಗಿದ್ದವು. ವಾದ್ಯವಿಲ್ಲದೆ ಒಂದು ನಿಮಿಷ ಹಾಡಿದ ವಿಡಿಯೋ ಕಳಿಸಬೇಕು. ಬೆಳಕು ಸೂರ್ಯನದೇ ಆಗಿರಬೇಕು. ಮುಖಕ್ಕೆ ಬಣ್ಣ ಕೂಡದು. ಬೆನ್ನ ಹಿಂದೆ ಬರಿಯ ಬಿಳಿಗೋಡೆಯ ಹೊರತು ಏನೂ ಕಾಣಕೂಡದು. ಗಡುವು ಈ ಕಥೆ ನಡೆದ ದಿನವೇ ಸಂಜೆ ಆರಕ್ಕೆ.

ಹುರಕಡ್ಲಿಯವರ ಮನೆಯಲ್ಲಿ ಬರಿಯ ಗೋಡೆಯನ್ನು ಹುಡುಕುವುದು ಸಮುದ್ರದಲ್ಲಿ ಸಿಹಿನೀರನ್ನು ಹುಡುಕಿದಂತೆ. ಪಡಸಾಲೆಯ ಗೋಡೆಯ ತುಂಬ ಗತಿಸಿದ ಹಿರಿಯರು ಮಾಲೆ ಧರಿಸಿ ನೋಡುತ್ತಿದ್ದರು. ಅಡುಗೆಮನೆಯ ಗೋಡೆ ಒಗ್ಗರಣೆಯ ಹೊಗೆಯಿಂದ ಕಾರ್ಮೋಡದಂತಿತ್ತು. ಮಲಗುವ ಕೋಣೆಗೆ ಗಿಳಿಹಸಿರು. ಉಳಿದದ್ದು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಕೆಳಗಿದ್ದ ಬಿಳಿಗೋಡೆ ಒಂದೇ. ಆದರೆ ಆ ಗೋಡೆಯ ಮುಂದೆ, ಹಳೆಯ ಇಳಕಲ್ ಸೀರೆಯ ಮೇಲೆ, ರಕ್ತವರ್ಣದ ಬ್ಯಾಡಗಿ ಮೆಣಸಿನಕಾಯಿಯ ಅಕ್ಷೋಹಿಣಿ ಸೇನೆ ಒಣಗಲು ಮಲಗಿತ್ತು. ಅದರ ಮಗ್ಗುಲಲ್ಲಿ ತಲೆಯ ತುಂಬ ಸೆರಗು ಹೊದ್ದು, ಕೋಲು ಹಿಡಿದು ಕುಳಿತಿದ್ದಳು ಖಾರಕುಲಸಂರಕ್ಷಕಿ, ಕಾಕಸಂತತಿಭಯಂಕರಿ, ಮಧುಮತಿಯ ಅಜ್ಜಿ ಗುರುಸಿದ್ದವ್ವ.

“ಎಲ್ಲಿಗೆ ಹೊಂಟಿ? ಕಾಲ ಕೆಳಗ ನೋಡು. ವರ್ಷದ ಖಾರ ಐತಿ ಅಲ್ಲೆ.”

“ಆಯಿ, ಈ ಗ್ವಾಡಿ ನನಗ ಬೇಕು. ಒಂದ ತಾಸು.”

“ಗ್ವಾಡಿ ಒಯ್ಯಿ, ಯಾರು ಬ್ಯಾಡ ಅಂದ್ರು? ಅದರ ಮುಂದಿನ ಬಿಸಲು ನಂದು.”

ಆಗ ಮಧುಮತಿಯು ಸೊಂಟಕ್ಕೆ ಕೈಯಿಟ್ಟು, ನಾಲ್ಕು ದಿಕ್ಕಿನ ಪಾರಿವಾಳಗಳೂ ಬೆಚ್ಚುವಂತೆ ವೀರವಚನವನ್ನು ನುಡಿದಳು. “ಕೇಳಿಲ್ಲೆ, ಆಯಿ. ನಾಳೆ ಈ ಊರಿನ ಬಸ್ ಸ್ಟ್ಯಾಂಡಿನ್ಯಾಗ ನನ್ನ ಫೋಟೊ ಹಚ್ಚತಾರ. ನಿನ್ನ ಧಾರಾವಾಹಿ ನಿಲ್ಲಿಸಿ ಟಿವ್ಯಾಗ ನನ್ನ ತೋರಸ್ತಾರ. ಅಂಥಾಕಿ ಮುಂದ ನಿನ್ನ ಮೆಣಸಿನಕಾಯಿ ಯಾವ ಲೆಕ್ಕ?”

ಗುರುಸಿದ್ದವ್ವ ಅಲುಗಲಿಲ್ಲ. “ನಂದೂ ಕೇಳು. ಈ ಖಾರ ಉಂಡ ನಿಮ್ಮಪ್ಪ ದೊಡ್ಡಾವ ಆದ. ಈ ಖಾರದ ರುಚಿಗೆ ಬೀಗರು ಎರಡು ದಿನ ಹೆಚ್ಚಿಗಿ ಉಳದು ಉಂಡು ಹೋಗ್ಯಾರ. ಡಿಸಿ ಸಾಹೇಬ್ರು ಬಂದು ನಿಂತ್ರೂ ಈ ಸೀರಿ ಸರಸಂಗಿಲ್ಲ.”

ಇನ್ನು ಸಂಧಿಗೆ ಎಡೆಯಿರಲಿಲ್ಲ. ಮೊಮ್ಮಗಳು ಸೀರೆಯ ಒಂದು ತುದಿ ಹಿಡಿದಳು, ಅಜ್ಜಿ ಇನ್ನೊಂದು ತುದಿ ಹಿಡಿದಳು. ಮಂದರಪರ್ವತಕ್ಕೆ ಸುತ್ತಿದ ವಾಸುಕಿಯನ್ನು ದೇವದಾನವರು ಎಳೆದಂತೆ ಇಬ್ಬರೂ ಎಳೆದರು. ಅಂದು ಕ್ಷೀರಸಾಗರದಲ್ಲಿ ಮೊದಲು ಹಾಲಾಹಲ ಹುಟ್ಟಿದಂತೆ ಇಲ್ಲಿಯೂ ಮೊದಲು ಹುಟ್ಟಿದ್ದು ಘಾಟು. ಮೆಣಸಿನಕಾಯಿಗಳು ಗಗನಕ್ಕೆ ನೆಗೆದವು. ಅಜ್ಜಿಯ ಸೀನು ದುಂದುಭಿಯಂತೆ ಮೊಳಗಿತು. ಮೊಮ್ಮಗಳ ಸೀನು ಒಡೆದ ಶಂಖದಂತೆ ಉತ್ತರ ಕೊಟ್ಟಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು.

ಮಧುಮತಿ ಸೀರೆಯನ್ನು ಬಿಟ್ಟು ಗೋಡೆಗೊರಗಿ ಕುಳಿತಳು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯಿತು. ಅದು ಮೆಣಸಿನದೋ ಮನಸ್ಸಿನದೋ, ಹೇಳುತ್ತಿರುವ ನನಗೂ ತಿಳಿಯದು.

“ಹಾಡಂದ್ರ ಅಷ್ಟು ಜೀವ ಏನು ನಿನಗ?” ಅಜ್ಜಿಯ ದನಿ ಇಳಿದಿತ್ತು.

“ಹೂಂ. ನಾ ಹಾಡಿದ್ರ ಕಾಲೇಜಿನ್ಯಾಗ ಎಲ್ಲಾರೂ ನಗತಾರ. ನೀ ಒಬ್ಬಾಕಿ ನಗಲಿಲ್ಲ.”

“ನಾ ಎಲ್ಲಿ ನಗಲಿ, ತಂಗಿ. ನನಗ ಒಂದು ಕಿವಿ ಕೇಳಸಂಗಿಲ್ಲ.”

ಹೀಗೆಂದು ಆ ವೃದ್ಧಸೇನಾನಿ ಎದ್ದು, ಚೆಲ್ಲಾಪಿಲ್ಲಿಯಾದ ತನ್ನ ಸೈನಿಕರನ್ನು ಸೆರಗಿನಲ್ಲಿ ಬಳಿದುಕೊಂಡು, ಸೀರೆಯನ್ನು ತಾನಾಗಿಯೇ ಮಾಳಿಗೆಯ ಆಚೆ ಮೂಲೆಗೆ ಎಳೆದಳು. ಅಲ್ಲಿ ಆಗಲೇ ನೆರಳು ಬಂದಿತ್ತು. ಅದನ್ನು ನೋಡಿಯೂ ಅವಳು ಮೊಮ್ಮಗಳತ್ತ ಕೈ ಚಾಚಿದಳು.

“ಕೊಡಿಲ್ಲೆ ಆ ಫೋನು. ನಾ ಹಿಡೀತೀನಿ.”

ನಲವತ್ತು ವರ್ಷ ರೊಟ್ಟಿ ಬಡಿದ ಆ ಕೈ ಕಿಂಚಿತ್ತೂ ನಡುಗಲಿಲ್ಲ. ಮೊದಲ ಸಲ ಮಧುಮತಿ ತಾನೇ ಕಟ್ಟಿದ ಹಾಡನ್ನು ದಿಗಂತ ಬಿರಿಯುವಂತೆ ಹಾಡಿದಳು; ವಿಡಿಯೋ ತುಂಬ ಬಂದದ್ದು ಅಜ್ಜಿಯ ಹೆಬ್ಬೆರಳು. ಎರಡನೆಯ ಸಲ ಅಜ್ಜಿ ಕೇಳುವ ಕಿವಿಯನ್ನು ಇತ್ತ ತಿರುಗಿಸಿ ನಿಂತಳು. ಅರ್ಧ ಹಾಡಿಗೆ ಅವಳ ಹುಬ್ಬು ಮೇಲೇರಿತು.

“ಅಯ್ಯ, ಛಲೋ ಹಾಡ್ತೀಯಲ್ಲ ನೀ. ಇಷ್ಟು ದಿನ ಈ ಕಡಿ ಬಂದು ಯಾಕ ಹಾಡಲಿಲ್ಲ?”

ಆ ಮಾತೂ ವಿಡಿಯೋದಲ್ಲಿ ಸೇರಿ, ಎರಡನೆಯದೂ ಕೆಟ್ಟಿತು.

ಮೂರನೆಯ ಸಲ ಸೂರ್ಯ ಎದುರು ಮನೆಯ ನೆತ್ತಿಗೆ ಇಳಿದಿದ್ದ. ಮಧುಮತಿ ಕೊನೆಯ ಸಾಲಿನ ತಾರಸ್ವರಕ್ಕೆ ಏರುತ್ತಿದ್ದಂತೆ, ಅವಳ ಮೂಗಿನ ಗುಹೆಯಲ್ಲಿ ಅಡಗಿದ್ದ ಖಾರದ ಕಣವೊಂದು ಎಚ್ಚೆತ್ತಿತು. ಸೀನು ಹೊರಟಿತು. ಭೋರ್ಗರೆಯುವ ಗಂಗೆಯನ್ನು ಜಟೆಯಲ್ಲಿ ಕಟ್ಟಿದ ಹರನಂತೆ ಆಕೆ ಆ ಸೀನನ್ನು ಹುಬ್ಬುಗಳ ನಡುವೆ ಕಟ್ಟಿ ನಿಲ್ಲಿಸಿದಳು. ಸ್ವರ ನಡುಗಿತು, ಆದರೆ ಮುರಿಯಲಿಲ್ಲ. ಆ ನಡುಕ ಹಾಡಿಗೊಂದು ಹೊಸ ಚೆಲುವನ್ನೇ ತಂದಿತು. ವಿಡಿಯೋ ಮುಗಿದ ಮೇಲೆ ಆಕೆ ಸೀನಿದ ಸೀನಿಗೆ ಟ್ಯಾಂಕಿನ ಮುಚ್ಚಳ ಅದುರಿತು.

ಇನ್ನು ಕಳಿಸುವುದೊಂದು ಉಳಿದಿತ್ತು. ನೆಟ್‌ವರ್ಕ್ ಕ್ಷೀಣವಾಗಿತ್ತು; ಪರದೆಯ ಮೇಲಿನ ವೃತ್ತ ಕಾಲಚಕ್ರದಂತೆ ತಿರುಗುತ್ತಲೇ ಇತ್ತು. ಮಧುಮತಿ ಫೋನನ್ನು ಸಂಜೀವಿನಿ ಪರ್ವತದಂತೆ ಎತ್ತಿ ಹಿಡಿದು ನಿಂತಳು, ಅಜ್ಜಿ ಅವಳ ತೋಳಿಗೆ ಆಸರೆ ಕೊಟ್ಟಳು. ಇನ್ನೇನು ಆರು ಹೊಡೆಯಿತು ಎನ್ನುವಾಗ ವೃತ್ತ ನಿಂತಿತು. ಮರುಗಳಿಗೆಯಲ್ಲೇ ಮುಂಬೈಯಿಂದ ಉತ್ತರ ಬಂತು.

“ಏನಂತ?”

“ಅರ್ಜಿ ಮುಟ್ಟೇತಂತ.”

“ಮತ್ತ?”

“ಅಷ್ಟ. ಇದಕ್ಕ ತಿರುಗಿ ಉತ್ತರ ಬರೀಬ್ಯಾಡ್ರಿ ಅಂದಾರ.”

ಗುರುಸಿದ್ದವ್ವ ಅವಳ ತೋಳಿನಿಂದ ಕೈ ತೆಗೆದಳು. “ಇರಲಿ. ಮುಟ್ಟೇತಲ್ಲ. ನಡಿ, ಮೊದಲ ಸಬಕಾರ ಹಚ್ಚಿ ಕೈ ತೊಳಕೊ. ಅದ ಕೈಲೆ ಕಣ್ಣ ಮುಟ್ಟಿಗಿಟ್ಟೀ.”

ಅಷ್ಟರಲ್ಲಾಗಲೇ ಆ ವೀರಾಂಗನೆ ಎರಡೂ ಕಣ್ಣು ಉಜ್ಜಿಕೊಂಡಿದ್ದಳು.