ಧೂಳು ನುಂಗುವ ಸೊಸೆ

ಪಾಪರ್... ಅಲ್ಲ. ಕಾಪರ್? ಅದೂ ಅಲ್ಲ. ರಸ್ತೆ ಗುಡಿಸುವ ಮಷೀನಿನ ಹಿಂದೆ ಧೂಳು ಹೋಗಿ ತುಂಬಿಕೊಳ್ಳುವ ದೊಡ್ಡ ಪೆಟ್ಟಿಗೆಗೆ ಒಂದು ಹೆಸರಿದೆ. ನಾಲಿಗೆ ತುದಿಯಲ್ಲೇ ಕೂತಿದೆ, ಹೊರಗೆ ಬರುತ್ತಿಲ್ಲ. ಮೊದಲಿನಿಂದಲೂ ಆ ಶಬ್ದಕ್ಕೂ ನನಗೂ ಸರಿಬಂದದ್ದಿಲ್ಲ.

ಈಗ ನಾನಿರುವುದು ಕಾರವಾರದಲ್ಲಿ, ಮಗಳ ಮನೆಯಲ್ಲಿ. ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆದುಕೊಳ್ಳುತ್ತಿದ್ದಾಳೆ. ಹುಟ್ಟಿದ್ದು ಕಂಪ್ಲಿ, ದುಡಿದದ್ದು ಹೊಸಪೇಟೆ. ಗಣಿಯ ಭರಾಟೆಯ ಕಾಲದಲ್ಲಿ ಸಂಡೂರಿನ ಗುಡ್ಡವೇ ಲಾರಿ ಹತ್ತಿ ಬಂದರಿಗೆ ಹೊರಟಿತ್ತು. ದಾರಿಯಲ್ಲಿ ಉದುರಿದ್ದೆಲ್ಲ ನಮ್ಮ ಪಾಲು. ರಸ್ತೆ ಗುಡಿಸುವ ಹೆಂಗಸರ ಗುಂಪಿಗೆ ನಾನು ಮೇಸ್ತ್ರಿ. ಕಸದ ಕೆಲಸದಲ್ಲಿ ನಗುವುದಕ್ಕೆ ಏನಿರುತ್ತದೆ ಎಂದು ಜನ ಕೇಳುತ್ತಾರೆ. ನಮಗೆ ಕಸಕ್ಕಿಂತ ನಗುವೇ ಜಾಸ್ತಿ ಸಿಗುತ್ತಿತ್ತು. ಮಷೀನು ಬಂದ ಮೇಲಂತೂ ಕೇಳಲೇಬೇಡಿ.

ಸವತಿ

ಒಂದು ಬೆಳಿಗ್ಗೆ ನಮ್ಮ ಕಂಟ್ರಾಕ್ಟರ್ ಹಳದಿ ಬಣ್ಣದ ಗಾಡಿಯೊಂದನ್ನು ತಂದು ನಿಲ್ಲಿಸಿದರು. ಮುಂದೆ ಎರಡು ದುಂಡನೆಯ ಬ್ರಶ್ಶು, ಹಿಂದೆ ದೊಡ್ಡ ಹೊಟ್ಟೆ, ನಡುವೆ ಒಬ್ಬರು ಕೂರುವ ಸೀಟು. ಬ್ರಶ್ಶು ತಿರುಗಿ ಧೂಳನ್ನು ಒಟ್ಟುಮಾಡಿದರೆ ಗಾಡಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ.

"ದಸರಾ ತನಕ ನೋಡ್ತೀನಿ," ಎಂದರು. "ನಿಮ್ಮ ಕೈಲಿ ಆದ್ರ ನೀವ ನಡಸ್ರಿ. ಆಗ್ಲಿಲ್ಲಂದ್ರ ಹೊರಗಿಂದ ಡ್ರೈವರ್ ಕರಸ್ತೀನಿ. ಆಮ್ಯಾಲೆ ನಿಮ್ಮಲ್ಲಿ ಅರ್ಧ ಮಂದಿಗೆ ಕೆಲಸ ಇರಾಂಗಿಲ್ಲ."

ಎಲ್ಲರ ಮುಖ ಬಾಡಿತು. ಪಾಪಿನಾಯಕನಹಳ್ಳಿಯಿಂದ ಬರುತ್ತಿದ್ದ ಒಬ್ಬಳಿಗೆ ಬಾಯಿ ಜೋರು. ಗಾಡಿಯನ್ನು ಒಂದು ಸುತ್ತು ಹಾಕಿ, "ಅಕ್ಕಾ, ನಮಗ ಸವತಿ ತಂದಾರ ನೋಡು," ಎಂದಳು.

ನಾನು ಸೀಟು ಹತ್ತಿ ಕೂತೆ. ತವರಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡಿಸಿದ ಕೈ ನನ್ನದು, ಸ್ಟೀರಿಂಗ್ ಹೊಸದೇನಲ್ಲ. "ಸವತಿ ಅಲ್ಲಲೇ, ಸೊಸಿ," ಎಂದೆ. "ನಾವು ಕುಂತು ಹೇಳೂಣು, ಅದು ಗುಡಸ್ಲಿ."

ಅಂದಿನಿಂದ ಅದರ ಹೆಸರೇ ಸೊಸೆ. ಒಂದು ದಿನ ಇಂಜಿನ್ ಚಾಲೂ ಆಗಲಿಲ್ಲ. ಆ ಬಾಯಿಜೋರಿನವಳು ಕಂಟ್ರಾಕ್ಟರಿಗೆ ಫೋನ್ ಮಾಡಿ ಹೇಳಿದ್ದು ಹೀಗೆ: "ಸಾಹೇಬ್ರ, ಸೊಸಿ ಮುಂಜಾನಿಂದ ಮುಖ ಊದಿಸ್ಕೊಂಡು ನಿಂತಾಳ. ನೀವ ಬಂದು ಒಂದು ಮಾತು ಹೇಳ್ರಿ."

ಪಾಪರ್

ಗಾಡಿಯ ಜೊತೆ ಬಂದಿದ್ದ ಮೆಕ್ಯಾನಿಕ್ ಹಿಂದಿಯವನು. ಹಿಂದಿನ ಪೆಟ್ಟಿಗೆ ತೋರಿಸಿ, ಇದು ತುಂಬಿದ ಕೂಡಲೆ ಸಾಹೇಬರಿಗೆ ತಿಳಿಸಿ, ಖಾಲಿ ಮಾಡಲು ಲಾರಿ ಕಳಿಸುತ್ತಾರೆ ಎಂದು ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿಹೋದ. ಆ ಪೆಟ್ಟಿಗೆಗೆ ಅವನು ಹೇಳಿದ ಹೆಸರು ನಮಗೆ ಕೇಳಿಸಿದ್ದು "ಪಾಪರ್" ಎಂದು.

ಮರುದಿನವೇ ತುಂಬಿತು. ಫೋನ್ ಮಾಡಿದೆ. "ಸಾಹೇಬ್ರ, ಜಲ್ದಿ ಬರ್ರಿ, ಪಾಪರ್ ಆಗೈತಿ!"

ನಮ್ಮ ಕಡೆ ಪಾಪರ್ ಎಂದರೆ ದಿವಾಳಿ. ಅವರೋ ಇದ್ದಬದ್ದ ದುಡ್ಡನ್ನೆಲ್ಲ ಅದಿರಿನ ಲಾರಿಗಳಿಗೆ ಸುರಿದು ಕೂತವರು. ಅರ್ಧ ಗಲ್ಲಕ್ಕೆ ಶೇವಿಂಗ್ ಸೋಪು ಹಾಗೇ ಇತ್ತು, ಓಡಿ ಬಂದರು. "ಯಾರು? ಯಾವ ಪಾರ್ಟಿ ಪಾಪರ್ ಆತು?"

"ಪಾರ್ಟಿ ಅಲ್ರಿ, ಇದು," ಎಂದು ಗಾಡಿಯ ಹೊಟ್ಟೆ ತಟ್ಟಿ ತೋರಿಸಿದೆ.

ಅವರು ಫುಟ್‌ಪಾತಿನ ಮೇಲೆ ಕುಸಿದು ಕೂತರು. "ಹಾಪರ್ ಅನ್ನವ್ವಾ ತಾಯಿ, ಹಾಪರ್!"

ಹ್ಞಾಂ, ಹಾಪರ್! ಈಗ ಬಂತು ನೋಡಿ. ಒಂದು ಪೆಟ್ಟಿಗೆ ಧೂಳು ನೋಡಿ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಬಗ್ಗದೆ ಗುಡಿಸಿದ್ದು

ಮಷೀನು ಮುಂದೆ ಹೋಗುತ್ತಿತ್ತು, ಅದಕ್ಕೆ ಸಿಗದ ಮೂಲೆಗಳನ್ನು ಹಿಂದಿನಿಂದ ನಮ್ಮವರು ನೋಡಿಕೊಳ್ಳುತ್ತಿದ್ದರು. ಸರದಿಯ ಮೇಲೆ ಎಲ್ಲರೂ ಸೀಟು ಹತ್ತಿ ಕಲಿತರು. ಆದರೂ ಆ ರಸ್ತೆಯ ಅಕ್ಕಿ ಗಿರಣಿಯ ಯಜಮಾನರಿಗೆ ಮಾತ್ರ ನಂಬಿಕೆ ಬರಲಿಲ್ಲ.

"ಇವತ್ತು ನಮ್ಮ ಗಿರಣಿ ಮುಂದ ಗುಡಿಸಿಲ್ಲ," ಎಂದು ನನ್ನನ್ನು ಅಡ್ಡಹಾಕಿದರು.

"ಗುಡಿಸೀವ್ರಿ ಯಜಮಾನ್ರ."

"ನಾ ಇಲ್ಲೇ ಕುಂತೀನಿ. ಒಬ್ಬರೂ ಬಗ್ಗಿದ್ದು ನೋಡ್ಲಿಲ್ಲ. ಬಗ್ಗದ ಗುಡಿಸೂದು ಎಲ್ಲೈತಿ?"

ಹುಟ್ಟಿದಾಗಿನಿಂದ ನಾವು ಬಗ್ಗಿದ್ದನ್ನೇ ನೋಡಿದ ಕಣ್ಣು ಅವು. "ಹಂಗಾರ ನೀವ ಒಂದ್ಸಲ ಬಗ್ಗಿ ನೋಡ್ರಿ," ಎಂದೆ. "ಕೈಗೆ ಧೂಳು ಹತ್ತಿದ್ರ ಹೇಳ್ರಿ."

ಯಜಮಾನರು ಬಗ್ಗಿದರು. ರಸ್ತೆಗೆ ಬೆರಳು ಒರೆಸಿದರು. ಬೆರಳು ಬೆಳ್ಳಗೇ ಇತ್ತು. ಏಳಲು ನೋಡಿದರೆ ಸೊಂಟ ಹಿಡಿದುಕೊಂಡಿತ್ತು. ನಮ್ಮ ಇಬ್ಬರು ಹೆಂಗಸರು ಎರಡು ರಟ್ಟೆ ಹಿಡಿದು ಎಬ್ಬಿಸಿ ನಿಲ್ಲಿಸಬೇಕಾಯಿತು.

"ಮಷೀನು ಇರ್ಲಿ ಬಿಡವ್ವಾ," ಎಂದರು. "ಭಾಳ ಚಲೋ ವಸ್ತು."

ಲಿಂಬೆಹಣ್ಣು

ದಸರಾ ಬಂದೇಬಿಟ್ಟಿತು. ಆಯುಧಪೂಜೆಯ ದಿನವೇ ನಮ್ಮ ಪರೀಕ್ಷೆ. ಪೂಜೆ ಮುಗಿಸಿ ಸರ್ಕಲ್‌ವರೆಗೆ ಗುಡಿಸಿಕೊಂಡು ಹೋಗಬೇಕು, ನೋಡಿ ತೀರ್ಮಾನ ಹೇಳುತ್ತೇನೆ ಎಂದಿದ್ದರು ಕಂಟ್ರಾಕ್ಟರ್. ಹೊರಗಿನ ಡ್ರೈವರನನ್ನೂ ಕರೆಸಿದ್ದರು. ಅವನು ಚಹಾದಂಗಡಿಯ ಮುಂದೆ ನಿಂತು ನಗುತ್ತಿದ್ದ. ನಮ್ಮ ಹೆಂಗಸರು ಸಾಲಾಗಿ ನಿಂತಿದ್ದರು. ಸೀಟಿನ ಮೇಲೆ ನಾನು.

ಅಯ್ಯನವರು ಮಂಗಳಾರತಿ ಮಾಡಿ, ಚಕ್ರಗಳ ಮುಂದೆ ಲಿಂಬೆಹಣ್ಣು ಇಟ್ಟು, "ನಡಸವ್ವಾ, ಹಣ್ಣಿನ ಮ್ಯಾಲೆ ಹಾಯಿಸು," ಎಂದರು. ನನಗೋ ಗಡಿಬಿಡಿ. ಇಂಜಿನ್ ಜೊತೆಗೆ ಬ್ರಶ್ಶನ್ನೂ ಚಾಲೂ ಮಾಡಿಬಿಟ್ಟೆ. ಚಕ್ರ ಹತ್ತುವ ಮೊದಲೇ ಹಣ್ಣು ಮಾಯ. ಅಯ್ಯನವರು "ತಡಿ, ತಡಿ," ಎಂದು ಇನ್ನೆರಡು ಇಟ್ಟರು. ಅವೂ ಮಾಯ.

"ಇದು ತುಳಿಯೂದಿಲ್ಲವ್ವಾ, ತಿಂತೈತಿ!" ಎಂದರು ಅಯ್ಯನವರು.

ನಾನು ನಿಲ್ಲಿಸಲಿಲ್ಲ. ಒಡೆದ ಬೂದುಗುಂಬಳದ ಚೂರು, ಹೂವು, ಕುಂಕುಮ ಎಲ್ಲ ಒಳಗೆ ಹೋದವು. ರಸ್ತೆಯ ಅಂಚಿನಲ್ಲಿ ಏನೋ ದಡಬಡ ಎಂದಿತು, ಅದೂ ಹೋಯಿತು. ತಿರುಗಿ ನೋಡಿದರೆ ಕಂಟ್ರಾಕ್ಟರ್ ಕೈ ಬೀಸುತ್ತ ಕೂಗುತ್ತ ಓಡಿಬರುತ್ತಿದ್ದಾರೆ. ಮಷೀನಿನ ಗದ್ದಲದಲ್ಲಿ ನನಗೇನು ಕೇಳಬೇಕು? ಹುರುಪು ತುಂಬುತ್ತಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ಬಿಟ್ಟೆ.

ಸರ್ಕಲ್‌ನಲ್ಲಿ ಇಳಿದೆ. ಅವರು ಏದುಸಿರು ಬಿಡುತ್ತ ಬಂದು ನಿಂತರು. ಆಗ ಅವರ ಕಾಲು ನೋಡಿದೆ. ಬರಿಗಾಲು. ಪೂಜೆಗೆಂದು ಬಿಟ್ಟಿದ್ದ ಹೊಸ ಚಪ್ಪಲಿ ನನ್ನ ಗಾಡಿಯ ಹೊಟ್ಟೆಯಲ್ಲಿತ್ತು. ಮುಗಿಯಿತು, ಎಲ್ಲರ ಕೆಲಸ ಹೋಯಿತು ಎಂದುಕೊಂಡೆ.

ಬೈಯಲು ಬಾಯಿ ತೆರೆದವರು ಒಂದು ಕಾಲು ಎತ್ತಿ ಅಂಗಾಲು ನೋಡಿಕೊಂಡರು. ಇನ್ನೊಂದನ್ನೂ ಎತ್ತಿ ನೋಡಿದರು. ಅದಿರಿನ ಹರಳು ಬಿದ್ದ ಆ ರಸ್ತೆಯಲ್ಲಿ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡುವುದೇ ಕಷ್ಟ, ಅವರು ಅಷ್ಟು ದೂರ ಓಡಿಬಂದಿದ್ದರು.

"ಅಲ್ಲವ್ವಾ," ಎಂದರು, "ಒಂದು ಹರಳೂ ಚುಚ್ಚಲಿಲ್ಲಲ್ಲ!"

ಹೊರಗಿನ ಡ್ರೈವರನಿಗೆ ಅವರೇ ಚಹಾ ಕುಡಿಸಿ ಬಸ್ಸು ಹತ್ತಿಸಿದರು. ನನ್ನ ಕಡೆ ತಿರುಗಿ, "ಕೀ ನಿನ್ನ ಹತ್ರಾನ ಇರ್ಲಿ. ನಿಮ್ಮವರು ಯಾರೂ ಕೆಲಸ ಬಿಡೂದು ಬ್ಯಾಡ. ಮುಂದಿನ ವರ್ಷ ಪೂಜಿಗೆ ಮಾತ್ರ ನಾ ಮನಿಯಿಂದನ ಬರಿಗಾಲಲ್ಲಿ ಬರ್ತೀನಿ," ಎಂದರು.

ಮೊಮ್ಮಗಳು ಹೊಟ್ಟೆ ಹಿಡಿದು ನಗುತ್ತ, "ಅಜ್ಜೀ, ಚಪ್ಪಲಿ ಸಿಕ್ತಾ?" ಎಂದು ಕೇಳುತ್ತಿದ್ದಾಳೆ.

ಸಿಕ್ಕಿತವ್ವಾ, ಕುಂಬಳಕಾಯಿ ಬೀಜ ಮೆತ್ತಿಕೊಂಡು. ನಗೂದು ಆಮ್ಯಾಲೆ, ಮೊದಲು ಇದನ್ನ ಬರ್ಕೋ. ಕೆಳಗ ನನ್ನ ಹೆಸರು ಹಾಕು. ಗುಡಿಸುವವಳು ಅಂತಾನೂ ಬರಿ, ಆಪರೇಟರ್ ಅಂತಾನೂ ಬರಿ. ಎರಡೂ ನಾನ.