ಮರದ ತುದಿಯ ಕೇರಿ

ನೆಲದ ಎತ್ತರ ನೆಲದ ಮೇಲೆ ನಿಂತವರಿಗೆ ಗೊತ್ತಾಗುವ ಸಂಗತಿಯಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನನಗೆ ಸಂಬಳ ಬರುವುದೇ ಆ ನಂಬಿಕೆಯಿಂದ. ದಾಂಡೇಲಿಯಲ್ಲಿ ಬೇಕರಿಯೊಂದರ ಮಹಡಿಯ ಮೇಲಿರುವ ನಮ್ಮ ಕಂಪನಿ ಗುಡ್ಡ, ಕಣಿವೆ, ಗದ್ದೆಗಳ ಎತ್ತರವನ್ನು ಕಂಪ್ಯೂಟರಿನ ನಕ್ಷೆಯಾಗಿಸಿ, ಅದನ್ನು ಬಳಸುವ ಪರವಾನಗಿ ಮಾರುತ್ತದೆ. ನಕ್ಷೆಯನ್ನಲ್ಲ, ಪರವಾನಗಿಯನ್ನು. ಈ ವ್ಯತ್ಯಾಸವನ್ನು ಹೆಂಡತಿಗೆ ವಿವರಿಸಲು ಹೋಗಿ ಎರಡು ಸಲ ಚಹಾ ತಣ್ಣಗಾಗಿಸಿಕೊಂಡಿದ್ದೇನೆ.

ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾಡಿನ ನೆಲ ಕಾಣುವುದಿಲ್ಲ, ಮರದ ತುದಿ ಕಾಣುತ್ತದೆ. ಮರದಷ್ಟು ಎತ್ತರವನ್ನು ಕಳೆದು ಲೆಕ್ಕವನ್ನು ನೆಲಕ್ಕೆ ಮುಟ್ಟಿಸಬೇಕು. ಕಚೇರಿಯಲ್ಲಿ ಇದಕ್ಕೆ ‘ಮರ ಇಳಿಸುವುದು’ ಎನ್ನುತ್ತೇವೆ. ಇಳಿದಿದೆಯೇ ಎಂದು ನೋಡಿ ‘ಸರಿ’ ಗುರುತು ಹಾಕುವವನು ನಾನು. ಹಳಿಯಾಳದ ಕಾಡಂಚಿನಲ್ಲಿರುವ ಸಿದ್ದಿಯರ ಒಂದು ಕೇರಿಯ ಮೇಲೆ ನಾನು ಗುರುತು ಹಾಕುವ ಗಳಿಗೆಗೆ ಕೆಳಗಿನ ಬೇಕರಿಯ ಭಟ್ಟಿಯಿಂದ ಬಿಸಿ ಪಾವು ಬ್ರೆಡ್ಡು ಹೊರಬಂದಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಖಚಿತವಾಗಿ ನೆನಪಿರುವುದು ಆ ವಾಸನೆಯೊಂದೇ.

ಆ ಕೇರಿಗೆ ಝರಿಯಿಂದ ಪೈಪು ಎಳೆಯಲು ಪಂಚಾಯತಿಯವರು ನಮ್ಮ ನಕ್ಷೆಯ ಪರವಾನಗಿ ಪಡೆದರು. ನಕ್ಷೆಯ ಪ್ರಕಾರ ಝರಿ ಕೆಳಗೆ, ಮನೆಗಳು ಮೇಲೆ. ನೀರು ತಾನಾಗಿ ಹರಿಯದು, ಪಂಪಿಗೆ ಅಲ್ಲಿ ಕರೆಂಟಿಲ್ಲ, ಹೀಗಾಗಿ ಕೆಲಸ ರದ್ದು. ಕೇರಿಯವರು ಜಗಳಕ್ಕೆ ಬಂದರು. ಅವರಿಗೆ ತಿಳಿಹೇಳಿ ಬಾ ಎಂದು ಮ್ಯಾನೇಜರು ನನ್ನನ್ನು ಕಳಿಸಿದರು.

ಬಸ್ಸಿನಲ್ಲಿ ಹೋದೆ. ಹೀಗೆ ಬರೆದ ಕೂಡಲೇ ಕಚೇರಿ ಜೀಪಿನ ಹರಿದ ಸೀಟು ನೆನಪಾಗುತ್ತದೆ. ಯಾವುದರಿಂದಲೋ ಇಳಿದದ್ದಂತೂ ನಿಜ. ಝರಿಯ ಕಡೆಯಿಂದ ಕತ್ರೀನಬಾಯಿ ಎಂಬ ಹಿರಿಯ ಹೆಂಗಸು ತುಂಬಿದ ಕೊಡ ಹೊತ್ತು ಬರುತ್ತಿದ್ದರು. ನಾನು ಲ್ಯಾಪ್‌ಟಾಪು ತೆರೆದೆ.

‘ಅಕ್ಕಾರ, ಇಲ್ಲಿ ನೋಡ್ರಿ. ನಿಮ್ಮ ಮನಿಗೋಳು ಝರಿಗಿಂತ ಹದಿನೈದು ಮೀಟರ್ ಮ್ಯಾಲ ಅದಾವ.’

‘ಸಾಹೇಬ್ರ, ನಾ ಈಗ ಹತ್ತಿ ಬಂದ್ನೋ, ಇಳದ ಬಂದ್ನೋ?’

ಇಳಿದೇ ಬಂದಿದ್ದರು, ನಾನೇ ನೋಡಿದ್ದೆ. ಆದರೂ, ‘ಕಣ್ಣಿಗೆ ಹಂಗ ಕಾಣ್ತೈತ್ರಿ’ ಅಂದೆ.

‘ಕಣ್ಣಿಗಲ್ಲೋ ತಮ್ಮಾ, ಮೊಣಕಾಲಿಗೆ! ಲಗ್ನಾಗಿ ಬಂದಾಗಿಂದ ಖಾಲಿ ಕೊಡ ಹತ್ತತೈತಿ, ತುಂಬಿದ ಕೊಡ ಇಳೀತೈತಿ.’ ಕೊಡ ಇಳಿಸಿ ಒಂದಿಷ್ಟು ನೀರು ಚೆಲ್ಲಿದರು. ಅದು ನನ್ನ ಬೂಟು ಬಳಸಿ ಮನೆಗಳ ಕಡೆಗೆ ಓಡಿತು. ‘ಹಿಡಿ ಅದನ್ನ. ನಿನ್ನ ಮೀಟರ್ ತೋರಿಸಿ ಹೊಳ್ಳಿ ಮ್ಯಾಲ ಕಳಸು.’

ಸುತ್ತ ಸೇರಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು. ನಾನು ನಾಚಿಕೆಯಿಂದ ಆಕಾಶ ನೋಡಿದೆ, ಆಕಾಶವೇ ಕಾಣಲಿಲ್ಲ. ಮನೆಗಳ ಮೇಲೆಲ್ಲ ಮತ್ತಿ ಮರಗಳು. ಝರಿಯ ಸುತ್ತ ಬಯಲು. ‘ಅಯ್ಯೋ, ಮರ ಇಳಿಸೇ ಇಲ್ಲ’ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಹೇಳಿದ ಮೇಲೆ ಕತ್ರೀನಬಾಯಿಗೆ ವಿವರಿಸಬೇಕಾಯಿತು.

‘ಅಂದ್ರ ನೀವು ಅಳದಿದ್ದು ಮಂಗ್ಯಾನ ಮನಿ. ಅವಕ್ಕ ನೀರು ಮುಟ್ಟೂದಿಲ್ಲಂತ ನಮ್ಮ ಪೈಪು ನಿಲ್ಲಿಸೀರೇನು? ತಾ ಇಲ್ಲಿ ಆ ನಕಾಶಿ, ಪಂಚಾಯತಿಗೆ ನಾನ ಒಯ್ದು ತೋರಸ್ತೇನಿ.’

‘ಅದಕ್ಕ ಪರವಾನಗಿ ಬೇಕ್ರಿ.’

‘ನಮ್ಮ ಗುಡ್ಡ ನಾವು ನೋಡಾಕ?’

ಕಚೇರಿಗೆ ಮರಳಿ, ಕೇರಿಗೆ ಕಾಲಿಟ್ಟೊಡನೆ ಮರಗಳ ಬಗ್ಗೆ ನನಗೆ ಅನುಮಾನ ಬಂತೆಂದು ಹೇಳಿದೆ. ಮೂರನೆಯ ಸಲ ಹೇಳುವ ಹೊತ್ತಿಗೆ ನೀರು ಚೆಲ್ಲಿ ಪರೀಕ್ಷಿಸಿದವನೂ ನಾನೇ ಆಗಿದ್ದೆ. ಮ್ಯಾನೇಜರು ಮೆಚ್ಚಿದರು. ಮರ ಇಳಿಯಿತು, ಪೈಪು ಮಂಜೂರಾಯಿತು. ತಿದ್ದುಪಡಿಯ ನಮೂನೆಯಲ್ಲಿ ‘ಎತ್ತರ ದೃಢಪಡಿಸಿದವರು’ ಎಂಬಲ್ಲಿ ನನ್ನ ಹೆಸರನ್ನು ದುಂಡಗೆ ಬರೆದೆ.

ತಿದ್ದಿದ ನಕ್ಷೆಯ ಪ್ರತಿ ಕೊಡಲು ಮತ್ತೆ ಹೋದಾಗ ಕೇರಿಯವರು ಪೈಪಿಗೆ ಗುಂಡಿ ತೋಡುತ್ತಿದ್ದರು. ಕಂಪನಿಯ ಅನುಮತಿಯಿಲ್ಲದೆ ಈ ಎತ್ತರಗಳನ್ನು ಬಳಸುವಂತಿಲ್ಲ ಎಂಬ ಸಾಲನ್ನು ಕತ್ರೀನಬಾಯಿಗೆ ಓದಿ ಹೇಳಿದೆ.

‘ಎತ್ತರ ಹೇಳಿಕೊಟ್ಟಾಕಿ ಯಾರು?’

ನಾನು ಬೂಟು ನೋಡಿಕೊಂಡೆ.

‘ಹಂಗಾರ ನಂದೂ ಒಂದು ಪರವಾನಗಿ ಐತಿ. ನನ್ನ ಎತ್ತರ ನೀವು ವಾಪರಸಬೇಕಂದ್ರ ಒಂದು ಕೊಡ ತುಂಬಿಸಿ ತಲಿ ಮ್ಯಾಲ ಹೊತ್ತು ಇಳೀಬೇಕು.’

ಹೊತ್ತೆ. ಕೇರಿ ಮುಟ್ಟಿದಾಗ ಕೊಡದಲ್ಲಿ ಅರ್ಧ ನೀರಿತ್ತು. ಉಳಿದರ್ಧ ನನ್ನ ತಲೆಯಿಂದ ಬೂಟಿನವರೆಗೆ ಪಂಪಿಲ್ಲದೆ ತಾನಾಗಿಯೇ ಹರಿದಿತ್ತು.

ಅಂದೇ ಕಚೇರಿಗೆ ಬಂದು ನಮೂನೆಯಲ್ಲಿ ನನ್ನ ಹೆಸರು ಹೊಡೆದುಹಾಕಿ ಅವರ ಹೆಸರು ಬರೆದೆ. ಹಾಗೆಂದು ನನ್ನ ನೆನಪು. ಕಡತ ತೆಗೆದು ಒಮ್ಮೆ ನೋಡಿಬಿಡಬಹುದು, ಪಕ್ಕದ ಕಪಾಟಿನಲ್ಲೇ ಇದೆ. ಆದರೆ ಈಗಷ್ಟೇ ಕೆಳಗಿನ ಭಟ್ಟಿಯಿಂದ ಪಾವಿನ ವಾಸನೆ ಮೇಲೆ ಬರತೊಡಗಿದೆ.