ಹಾರ ಹಾಕಿಸಿಕೊಂಡ ಲೇತ್

ದೇಶದ ವೃತ್ತಿ ಶಿಕ್ಷಣದ ಇತಿಹಾಸದಲ್ಲಿ ಪೀಣ್ಯದ ಒಂದು ಸಣ್ಣ ತರಬೇತಿ ಕೇಂದ್ರಕ್ಕೆ ಶಾಶ್ವತ ಸ್ಥಾನವಿದೆ. ಆ ಸ್ಥಾನ ಸಿಕ್ಕಿದ್ದು ಆಯುಧ ಪೂಜೆಯ ರಜೆ ಮುಗಿದ ದಿನ, ಬೆಳಿಗ್ಗೆ ಹನ್ನೊಂದೂವರೆಗೆ.

ಬೋಧಕ ಬಸಲಿಂಗ, ಕಬ್ಬಿಣದ ಸಲಾಕೆ ಕಡೆಯುವ ಕೇಂದ್ರದ ಏಕೈಕ ಲೇತ್ ಯಂತ್ರದ ಕುಂಕುಮ ಒರೆಸಲು ಬಟ್ಟೆ ಹುಡುಕುತ್ತಿದ್ದ. ಅಷ್ಟರಲ್ಲಿ ಇತಿಹಾಸ ಸಂಗ್ರಹ ಸಮಿತಿಯ ಹೇಮಲತಾ ಮೇಡಂ ಬಂದರು. ಬಾಡಿದ ಚೆಂಡುಹೂವಿನ ಹಾರ, ಆರಿದ ಊದುಬತ್ತಿ ಕಂಡು ಚಪ್ಪಲಿ ಬಿಟ್ಟರು.

"ಹೋಗಿ ಎಷ್ಟು ವರ್ಷ ಆಯ್ತು?" ಎಂದು ಮೆಲ್ಲಗೆ ಕೇಳಿದರು.

"ಹೋಗಿಲ್ರೀ ಮೇಡಂ, ಚಲೋ ಓಡ್ತೈತಿ. ಪೂಜೆ ಮಾಡೀವಿ, ಅಷ್ಟ."

"ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ," ಎಂದು ಮೇಡಂ ಬರೆದುಕೊಂಡರು.

ವಾರದೊಳಗೆ ಸಮಿತಿಯ ಆದೇಶ ಬಂತು. "ಸದರಿ ಯಂತ್ರವನ್ನು ಪಾರಂಪರಿಕ ವಸ್ತುವೆಂದು ಘೋಷಿಸಲಾಗಿದೆ. ಚಪ್ಪಲಿ ಧರಿಸಿ ಸಮೀಪಿಸತಕ್ಕದ್ದಲ್ಲ. ಯಾರೂ ಮುಟ್ಟತಕ್ಕದ್ದಲ್ಲ. ಇದರಿಂದ ತರಬೇತಿಗೆ ಅಡಚಣೆಯಾಗತಕ್ಕದ್ದಲ್ಲ." ಯಂತ್ರದ ಸುತ್ತ ಕೆಂಪು ಹಗ್ಗ ಕಟ್ಟಲಾಯಿತು.

ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಲಿಂಗಸುಗೂರಿನಿಂದ ಬಂದು ಮಾಕಳಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ವಿದ್ಯಾರ್ಥಿನಿ ಸವಿತಾಗೆ, ಪಾಸಾದರೆ ಮಾರನೆಯ ದಿನವೇ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಫೇಲಾದರೆ ಅದು ಇನ್ನೊಬ್ಬರ ಪಾಲು.

"ಮುಟ್ಟದ ಹೆಂಗ ಕಲೀಬೇಕ್ರಿ ಸರ?"

"ಹಗ್ಗದ ಈಚೆ ನಿಂತು ಕೈ ತಿರುಗಿಸವ್ವಾ. ಗಾಳಿ ಮುಟ್ಟಬಾರದು ಅಂತ ಆದೇಶದಾಗ ಇಲ್ಲ."

ತಿರುಗಿಸಿದಳು. ಆರನೆಯ ದಿನ ಬಸಲಿಂಗನಿಗೆ ಕಬ್ಬಿಣ ಕಡೆಯುವ ಸದ್ದೂ ಕೇಳತೊಡಗಿತು. ಅದು ಪಕ್ಕದ ಕಾರ್ಖಾನೆಯದೆಂದು ಗೊತ್ತಿದ್ದರೂ ಸುಮ್ಮನಿರಲಾಗಲಿಲ್ಲ.

"ಟೂಲ್ ಅಷ್ಟು ಒತ್ತಬ್ಯಾಡ. ಹೆಂಗ ಕಿರುಚಾಕತ್ತೈತಿ ನೋಡು!"

ಪರೀಕ್ಷೆಯ ದಿನ ಬಂದ ಪರೀಕ್ಷಕ ಗುರುರಾಜ್ ನಿಯಮದ ಮನುಷ್ಯ. ಆದೇಶವನ್ನು ಎರಡು ಸಲ ಓದಿ, ಚಪ್ಪಲಿ ಬಿಟ್ಟು ಹಗ್ಗದ ಬಳಿ ನಿಂತರು. "ಶುರು ಮಾಡಮ್ಮ."

ಸವಿತಾ ಹಗ್ಗದ ಈಚೆ ನಿಂತು ಬರಿಗೈಯಲ್ಲಿ, ಗಾಳಿಯಲ್ಲೇ ಸಲಾಕೆ ಬಿಗಿದಳು, ಟೂಲ್ ಹತ್ತಿರ ತಂದಳು, ಅರ್ಧ ಗಂಟೆ ಬೆವರು ಸುರಿಸಿ ಕಡೆದಳು. ಕೊನೆಗೆ ಎರಡೂ ಅಂಗೈ ಮುಂದೆ ಚಾಚಿದಳು. ಗುರುರಾಜ್ ಕನ್ನಡಕ ಏರಿಸಿ, ಅಂಗೈಗಳ ನಡುವೆ ಕ್ಯಾಲಿಪರ್ ಹಿಡಿದು ಅಳೆದರು.

"ಇಪ್ಪತ್ತೈದು ಮಿಲಿಮೀಟರ್. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ತೊಂಬತ್ತನಾಲ್ಕು ಮಾರ್ಕ್ಸ್."

ಸವಿತಾ ಸೆರಗಿಲ್ಲದ ಚೂಡಿದಾರದ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಬಸಲಿಂಗನಿಗೆ ಮಾತ್ರ ಸಮಾಧಾನವಾಗಲಿಲ್ಲ.

"ಉಳಿದ ಆರು ಯಾಕ ಹಿಡಿದ್ರಿ ಸರ?"

"ಕೆಳಗೆ ನೋಡ್ರಿ. ಕಬ್ಬಿಣದ ಚೂರು ಗುಡಿಸಿಲ್ಲ."

ಬಸಲಿಂಗ ನೆಲ ನೋಡಿದ. ಮಾತು ನ್ಯಾಯವಾಗಿತ್ತು. ಪೊರಕೆ ತಂದ.

"ನಿಧಾನ ಕಣ್ರೀ," ಎಂದು ಗುರುರಾಜ್ ಬರಿಗಾಲು ಎತ್ತಿ ಹಿಡಿದರು. "ಚುಚ್ಚುತ್ತೆ."